ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ಬೆಂಬಲ ನಿಂತುಹೋದ್ದರಿಂದ ಹತ್ತು ವರ್ಷ ಬಾಳಿದ ತಮ್ಮ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವುದೊಂದೇ ದಾರಿ ಎಂದು ಮುಲುಂಡಿನ ಓದುಗರೊಬ್ಬರು ಕಳೆದ ವಾರ ಇದೇ ವಿಭಾಗದಲ್ಲಿ ಬೇಸರದಿಂದ ಬರೆದಿದ್ದರು. ಅದಕ್ಕೆ ಉತ್ತರವಾಗಿ ಮೊನ್ನೆ ಪ್ರಕಟವಾದ ಪತ್ರದಲ್ಲಿ, ವಿಂಡೋಸನ್ನು ಪೂರ್ತಿ ಅಳಿಸಿ, ಅದೇ ಕೆಲಸ ಮಾಡುವ ಉಚಿತ ತಂತ್ರಾಂಶವಾದ ಲಿನಕ್ಸ್ ಹಾಕಿಕೊಂಡರೆ ಎಲ್ಲ ತಾಪತ್ರಯವೂ ಮುಗಿಯುತ್ತದೆ ಎಂಬ ಸಲಹೆ ಇತ್ತು. ಎರಡನ್ನೂ ನಾನು ಒಪ್ಪಲಾರೆ. ಮುಂಬಯಿಯಲ್ಲಿ ಕನ್ನಡದ ಕೆಲಸವನ್ನೂ ಹೊಟ್ಟೆಪಾಡಿನ ಕೆಲಸವನ್ನೂ ಒಂದೇ ಯಂತ್ರದಲ್ಲಿ ಮಾಡಿಕೊಳ್ಳುವ ನನ್ನಂಥವರಿಗೆ ಸದ್ಯಕ್ಕೆ ಸರಿಹೊಂದುವುದು ಮೂರನೆಯ ದಾರಿ. ಅಂದರೆ ಒಂದೇ ಲ್ಯಾಪ್‌ಟಾಪಿನಲ್ಲಿ ಯಂತ್ರವನ್ನು ನಡೆಸುವ ಎರಡೂ ಮೂಲ ತಂತ್ರಾಂಶಗಳನ್ನು (ಆಪರೇಟಿಂಗ್ ಸಿಸ್ಟಂಗಳನ್ನು) ಇಟ್ಟುಕೊಂಡು, ಯಂತ್ರವನ್ನು ಚಾಲೂ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವುದು. ಅಂಗಡಿಯವರು ಇದನ್ನು ಡ್ಯುಯಲ್ ಬೂಟ್ ಎನ್ನುತ್ತಾರೆ. ಕೆಲವು ತಿಂಗಳುಗಳಿಂದ ಹಾಗೆ ಬಳಸುತ್ತಿರುವ ಅನುಭವದಿಂದ, ಅದರ ಲಾಭದಷ್ಟೇ ಅದರ ಕಿರಿಕಿರಿಯನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯಲ್ಲಿದ್ದುಕೊಂಡು ಮಾಟುಂಗಾ ಹಾಗೂ ದಾದರಿನ ಮೂರು ಉಡುಪಿ ಹೋಟೆಲುಗಳ ಲೆಕ್ಕ ಬರೆಯುವವನು. ಬಿಡುವಿನಲ್ಲಿ ನಮ್ಮ ಭಾಗದ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯ ಅಕ್ಷರ ಜೋಡಣೆ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪ್ 2016ರದು. ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್, 8 ಜಿಬಿ ರ್‍ಯಾಮ್, ತಿರುಗುವ ಹಳೆಯ ಬಗೆಯ 1 ಟಿಬಿ ಹಾರ್ಡ್ ಡಿಸ್ಕ್. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ನವೀಕರಣಗಳು 2025ರ ಅಕ್ಟೋಬರ್ 14ರಂದು ಮುಗಿದವು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದಕ್ಕೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಈ ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುತ್ತೇವೆ ಎನ್ನುವವರು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅಂಥ ಯಂತ್ರಗಳಿಗೆ ಮುಂದಿನ ನವೀಕರಣಗಳ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟ್ ತಾನೇ ಹೇಳಿರುವಾಗ, ಲೆಕ್ಕಪತ್ರದ ಯಂತ್ರದಲ್ಲಿ ಆ ಕಳ್ಳದಾರಿ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಹೆಚ್ಚುವರಿಯಾಗಿ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ವರೆಗೆ ನವೀಕರಣ ಕೊಡುವ ಯೋಜನೆಯೊಂದನ್ನು ಅದೇ ಕಂಪನಿ ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್‌ಗೆ ಒಪ್ಪಿದವರಿಗೆ ಅದು ಹಣವಿಲ್ಲದೆ ಸಿಗುವುದರಿಂದ ನಾನೂ ಹೆಸರು ನೋಂದಾಯಿಸಿದೆ. ಅದರಿಂದ ದೊರೆತದ್ದು ಕಾಲಾವಕಾಶ ಮಾತ್ರ.

ಹಾಗಾದರೆ ವಿಂಡೋಸನ್ನು ಅಳಿಸಿಯೇ ಬಿಡಬಹುದಿತ್ತಲ್ಲ ಎಂದು ಎರಡನೆಯ ಪತ್ರದ ಲೇಖಕರು ಕೇಳಬಹುದು. ಅವರು ಬಹುಶಃ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹತ್ತು ಹದಿನೈದು ವರ್ಷ ಟೈಪ್ ಮಾಡಿದವರಲ್ಲ. ನಮ್ಮ ಸಂಘದ ಹಳೆಯ ಸಂಚಿಕೆಗಳೆಲ್ಲ ಎಲ್ಲ ಭಾಷೆಗಳ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನ ಪದ್ಧತಿಯ ನುಡಿ ಅಕ್ಷರಗಳಲ್ಲಿವೆ. ಪುಟ ಕಟ್ಟಿರುವುದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. ಆ ಪದ್ಧತಿಯಲ್ಲಿ ಕಡತದೊಳಗೆ ನಿಜವಾಗಿ ಇರುವುದು ಕನ್ನಡದ ಅಕ್ಷರವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಫಾಂಟು ಇಲ್ಲದ ಕಡೆ ಅದೇ ಕಡತವನ್ನು ತೆರೆದರೆ ‘ಕನ್ನಡ’ ಎಂದು ಇರಬೇಕಾದಲ್ಲಿ ಮೊದಲು ಇಂಗ್ಲಿಷಿನ ಪಿ ಅಕ್ಷರ, ಪಕ್ಕದಲ್ಲಿ ತಲೆಯ ಮೇಲೊಂದು ಗೀರು ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೀರಿನ ಎ ಹೀಗೆ ಸಾಲಾಗಿ ನಿಂತಿರುತ್ತವೆ. ಲಿನಕ್ಸ್‌ನ ಲಿಬ್ರೆ ಆಫೀಸಿನಲ್ಲಿ ಸಂಘದ ಬೆಳ್ಳಿಹಬ್ಬದ ಸಂಚಿಕೆಯನ್ನು ಮೊದಲ ಸಲ ತೆರೆದಾಗ ನನಗೆ ಕಂಡದ್ದು ಇದೇ. ಅಧ್ಯಕ್ಷರ ಶುಭಸಂದೇಶ ಪೌಂಡ್ ಚಿಹ್ನೆಗಳಿಂದ ತುಂಬಿಹೋಗಿತ್ತು. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ, ಅವು ಬಹುತೇಕ ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೆ ಅರ್ಕಾವೊತ್ತು ಇದ್ದ ಕಡೆ, ಇಂಗ್ಲಿಷ್ ಪದ ನಡುವೆ ಬಂದ ಕಡೆ ಎಡವುತ್ತವೆ. ಹೀಗಾಗಿ ಪ್ರತಿ ಪುಟವನ್ನೂ ಮೂಲದ ಜೊತೆಗಿಟ್ಟು ಓದಿ ತಿದ್ದಬೇಕಾಗುತ್ತದೆ. ಆ ಮೂಲ ಪುಟ ಇದ್ದ ಹಾಗೆಯೇ ಕಾಣಬೇಕಾದರೆ ಪೇಜ್‌ಮೇಕರ್ ಬೇಕು, ಅದು ನನ್ನಲ್ಲಿ ನಡೆಯುವುದು ವಿಂಡೋಸಿನಲ್ಲಿ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯೂ ವಿಂಡೋಸಿನದೇ. ಮೂರು ಹೋಟೆಲುಗಳಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದ್ದರಿಂದ ಅದರ ಜಿಎಸ್‌ಟಿ ರಿಟರ್ನಿಗೆ ಡಿಜಿಟಲ್ ಸಹಿ ಬೇಕು, ಆ ಸಹಿಯನ್ನು ಹೊತ್ತ ಯುಎಸ್‌ಬಿ ಟೋಕನ್ ನನ್ನ ಕೈಯಲ್ಲಿ ಸರಾಗವಾಗಿ ನಡೆಯುವುದೂ ವಿಂಡೋಸಿನಲ್ಲೇ.

ಇಷ್ಟಕ್ಕೂ ನನ್ನ ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ಎರಡು ವರ್ಷದ ಹಿಂದೆ ಸಂಘದ ಲ್ಯಾಪ್‌ಟಾಪ್ ತೀರಾ ನಿಧಾನವಾಯಿತೆಂದು ನಗರದ ಒಂದು ಅಂಗಡಿಗೆ ಕೊಟ್ಟಿದ್ದೆವು. ವಿಂಡೋಸ್ ಹಾಗೆಯೇ ಇರಲಿ, ಅದರ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಡಿ ಎಂದು ನಾನೇ ಹೇಳಿದ್ದೆ. ಸಂಜೆ ಹೋದಾಗ ಲ್ಯಾಪ್‌ಟಾಪ್ ಬಹಳ ಚುರುಕಾಗಿತ್ತು. ಆದರೆ ಅದರಲ್ಲಿ ಲಿನಕ್ಸ್ ಒಂದೇ ಇತ್ತು. ಅನುಸ್ಥಾಪನೆಯ ನಡುವೆ ಒಂದು ಪರದೆ ಬರುತ್ತದೆ. ಅಲ್ಲಿ ‘ಈಗಿರುವ ಸಿಸ್ಟಂನ ಪಕ್ಕದಲ್ಲಿ ಹಾಕು’ ಎಂಬ ಸಾಲಿನ ಕೆಳಗೇ ‘ಇಡೀ ಡಿಸ್ಕನ್ನು ಅಳಿಸಿ ಹಾಕು’ ಎಂಬ ಸಾಲೂ ಇರುತ್ತದೆ. ಅಂಗಡಿಯ ಹುಡುಗ ಎರಡನೆಯದನ್ನು ಒತ್ತಿದ್ದ. ಹನ್ನೊಂದು ವರ್ಷಗಳ ಸಂಚಿಕೆಗಳು ಹೋದವು. ‘ಬ್ಯಾಕಪ್ ಇರಬೇಕಲ್ಲಾ ಸರ್’ ಎಂದು ಮಾಲೀಕರು ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸರಿಯಾಗಿಯೇ ಇತ್ತು. ಮುದ್ರಣಾಲಯದವರ ಹಳೆಯ ಸಿಡಿಗಳಲ್ಲಿ ಐದು ವರ್ಷಗಳದ್ದು ಸಿಕ್ಕಿತು. ಉಳಿದದ್ದನ್ನು ಅಚ್ಚಾದ ಪ್ರತಿ ನೋಡಿಕೊಂಡು ನಾವು ಮೂವರು ಈಗಲೂ ಮರಳಿ ಟೈಪ್ ಮಾಡುತ್ತಿದ್ದೇವೆ. ಆದ್ದರಿಂದ ಈ ಪತ್ರವನ್ನು ಓದಿ ಯಾರಾದರೂ ಉತ್ಸಾಹಗೊಂಡರೆ ಅವರು ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕನ್ನು ಕೊಂಡು, ತಮ್ಮ ಕಡತಗಳನ್ನೆಲ್ಲ ಅದಕ್ಕೆ ನಕಲು ಮಾಡಿ, ಆ ನಕಲುಗಳು ಬೇರೊಂದು ಯಂತ್ರದಲ್ಲಿ ತೆರೆದುಕೊಳ್ಳುತ್ತವೆಯೇ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಎರಡು ಸಿಸ್ಟಂಗಳು ಒಂದೇ ಡಿಸ್ಕಿನಲ್ಲಿ ಹೇಗೆ ಇರುತ್ತವೆ ಎಂಬುದು ಚಾಳಿನಲ್ಲಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ. ಒಂದು ಖೋಲಿಗೆ ನಡುವೆ ಹಲಗೆ ಹೊಡೆದು ಅಣ್ಣನ ಸಂಸಾರ ಆಚೆ, ತಮ್ಮನದು ಈಚೆ. ಹೊರಗಿನ ಬಾಗಿಲು ಮಾತ್ರ ಒಂದೇ. ಡಿಸ್ಕಿನಲ್ಲಿ ಹೊಡೆಯುವ ಹಲಗೆಗೆ ಪಾರ್ಟಿಷನ್ ಎನ್ನುತ್ತಾರೆ. ವಿಂಡೋಸ್ ತನ್ನ ಭಾಗವನ್ನು ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಎಕ್ಸ್‌ಟಿ4 ಎಂಬ ಕ್ರಮದಲ್ಲಿ. ಬಾಗಿಲಿನ ಜಾಗದಲ್ಲಿ ಇಎಫ್‌ಐ ಎಂಬ ಚಿಕ್ಕ ಪಾರ್ಟಿಷನ್ ಇರುತ್ತದೆ. ಎರಡೂ ಸಿಸ್ಟಂಗಳನ್ನು ಎಬ್ಬಿಸುವ ಪ್ರೋಗ್ರಾಮುಗಳು ಇರುವುದು ಅಲ್ಲಿ. ಲಿನಕ್ಸ್ ಹಾಕಿದ ಮೇಲೆ ಆ ಬಾಗಿಲಲ್ಲಿ ಗ್ರಬ್ ಎಂಬ ಕಾವಲುಗಾರ ಬಂದು ನಿಲ್ಲುತ್ತಾನೆ. ಯಂತ್ರ ಚಾಲೂ ಮಾಡಿದಾಗ ಆತ ಎರಡು ಹೆಸರುಗಳ ಪಟ್ಟಿ ತೋರಿಸಿ ಕೆಲವು ಸೆಕೆಂಡು ಕಾಯುತ್ತಾನೆ, ನಾವು ಏನೂ ಒತ್ತದಿದ್ದರೆ ಲಿನಕ್ಸಿನ ಕಡೆಗೆ ಕಳುಹಿಸುತ್ತಾನೆ. ಒಂದು ಸಂಸಾರ ಎದ್ದಿರುವಾಗ ಇನ್ನೊಂದು ಮಲಗಿಯೇ ಇರುತ್ತದೆ. ನಮ್ಮಲ್ಲಿ ಅನೇಕರಿಗೆ ಇಲ್ಲೊಂದು ತಪ್ಪು ಕಲ್ಪನೆ ಇದೆ: ಎರಡು ಸಿಸ್ಟಂ ಇದ್ದರೆ ಯಂತ್ರಕ್ಕೆ ಭಾರವಾಗುತ್ತದೆ ಎಂದು. ಜಾಗ ಹಂಚಿಹೋಗುತ್ತದೆ ನಿಜ, ಆದರೆ ರ್‍ಯಾಮು ಮತ್ತು ಪ್ರೊಸೆಸರು ಆ ಹೊತ್ತಿಗೆ ಎದ್ದಿರುವವನಿಗೆ ಪೂರ್ತಿಯಾಗಿ ಸಿಗುತ್ತವೆ. ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ವರ್ಚುವಲ್ ಯಂತ್ರದ ವಿಧಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಇಬ್ಬರೂ ಒಟ್ಟಿಗೆ ಎದ್ದು ಒಂದೇ ಒಲೆಗೆ ಕೈಹಾಕುತ್ತಾರೆ. 8 ಜಿಬಿಯ ನನ್ನ ಯಂತ್ರದಲ್ಲಿ ಅದನ್ನು ಒಂದು ದಿನ ನೋಡಿ ಕೈಬಿಟ್ಟೆ.

ಡಿಸ್ಕಿಗೆ ಕೈಹಚ್ಚುವ ಮೊದಲೇ ಲಿನಕ್ಸನ್ನು ರುಚಿ ನೋಡಲು ಸಾಧ್ಯವಿರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. 8 ಜಿಬಿಯ ಪೆನ್ ಡ್ರೈವ್ ಒಂದಕ್ಕೆ ರೂಫಸ್‌ನಂಥ ಉಚಿತ ತಂತ್ರಾಂಶದಿಂದ ಅದನ್ನು ಇಳಿಸಿ, ಆ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಒಳಗಿನ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ನಾನು ಹೀಗೆ ಎರಡು ಭಾನುವಾರ ಬಳಸಿ, ವೈಫೈ ಹಿಡಿಯುತ್ತದೆಯೇ, ಸ್ಪೀಕರಿನಲ್ಲಿ ಸದ್ದು ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ನೋಡಿಕೊಂಡೆ. ಲಿನಕ್ಸ್ ಎನ್ನುವುದು ಒಂದೇ ಸರಕಲ್ಲ. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ತಿರುಳಿನ ಮೇಲೆ ಬೇರೆ ಬೇರೆಯವರು ಕಟ್ಟಿದ ನೂರಾರು ರೂಪಗಳಿವೆ. 2004ರಲ್ಲಿ ಬಂದ ಉಬುಂಟು ಅವುಗಳಲ್ಲಿ ಹೆಸರುವಾಸಿ. ಉಬುಂಟುವನ್ನು ಆಧರಿಸಿದ ಲಿನಕ್ಸ್ ಮಿಂಟ್, ಪರದೆಯ ಕೆಳಗಿನ ಪಟ್ಟಿಯೂ ಎಡಮೂಲೆಯ ಮೆನುವೂ ಹಳೆಯ ವಿಂಡೋಸಿನಂತೆಯೇ ಇರುವುದರಿಂದ, ನನ್ನ ವಯಸ್ಸಿನವರಿಗೆ ಹೊಂದುತ್ತದೆ. ಅದರ 22ನೆಯ ಆವೃತ್ತಿಗೆ 2029ರ ವರೆಗೆ ಬೆಂಬಲವಿದೆ. ನಾನು ಆರಿಸಿದ್ದು ಅದನ್ನು.

ಅನುಸ್ಥಾಪನೆಗೆ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಫೋನಿನಲ್ಲೇ ಮಾರ್ಗದರ್ಶನ ಮಾಡಿದ. ಹಲಗೆ ಹೊಡೆಯುವ ಕೆಲಸವನ್ನು ಲಿನಕ್ಸ್‌ಗೆ ಬಿಡದೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿಸಿದ್ದು ಅವನ ಜಾಣತನ. ಅಲ್ಲಿ ಸಿ ಡ್ರೈವಿನ ಮೇಲೆ ಬಲಗಡೆಯ ಬಟನ್ ಒತ್ತಿ ‘ಶ್ರಿಂಕ್ ವಾಲ್ಯೂಮ್’ ಆರಿಸಿದರೆ ಎಷ್ಟು ಜಾಗ ಬಿಟ್ಟುಕೊಡಬಲ್ಲೆನೆಂದು ಅದೇ ಲೆಕ್ಕ ಹೇಳುತ್ತದೆ. ನನ್ನ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೂ ಅದು ಹೇಳಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಕದಲಿಸಲಾಗದ ಕೆಲವು ಕಡತಗಳು ಖಾಲಿ ಜಾಗದ ನಡುವೆ ಕೂತುಬಿಟ್ಟಿರುತ್ತವಂತೆ, ಲೋಕಲ್ ರೈಲಿನ ಬೆಂಚಿನ ನಡುವೆ ಕೂತು ಯಾವ ಕಡೆಗೂ ಸರಿಯದ ಪ್ರಯಾಣಿಕನ ಹಾಗೆ. 200 ಜಿಬಿ ಸಾಕೆಂದು ಅಷ್ಟನ್ನೇ ಬಿಡಿಸಿಕೊಂಡೆ. ಆಮೇಲೆ ಪೆನ್ ಡ್ರೈವ್ ಹಾಕಿ ಮರುಚಾಲೂ ಮಾಡಿದಾಗ ಆತ ಹೇಳಿದ್ದು ಒಂದೇ ಮಾತು: ‘ಮಾವ, ಆ ಅಳಿಸುವ ಪರದೆ ಬಂದರೆ ಮೌಸಿನಿಂದ ಕೈ ತೆಗೆದು, ನನಗೆ ಫೋಟೋ ಕಳಿಸಿ.’ ಕಳಿಸಿದೆ. ‘ಪಕ್ಕದಲ್ಲಿ ಹಾಕು’ ಎಂಬುದರ ಮೇಲೆ ಗುರುತು ಬಿದ್ದಿದೆ ಎಂದು ಅವನು ಖಾತ್ರಿಪಡಿಸಿದ ಮೇಲೆಯೇ ಮುಂದುವರಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿದು ಗ್ರಬ್‌ನ ಕಪ್ಪು ಪರದೆಯಲ್ಲಿ ಎರಡೂ ಹೆಸರು ಕಂಡಾಗ, ಮೊದಲು ಆರಿಸಿದ್ದು ವಿಂಡೋಸನ್ನೇ. ಟ್ಯಾಲಿ ತೆರೆದು ಮೂರೂ ಹೋಟೆಲಿನ ಲೆಕ್ಕ ಇದೆಯೆಂದು ನೋಡಿದೆ.

ಮುಂದಿನ ತೊಂದರೆಗಳನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಲಿನಕ್ಸಿನಿಂದ ವಿಂಡೋಸಿನ ಕಡತಗಳನ್ನು ಓದಬಹುದು, ಬರೆಯಲೂಬಹುದು. ವಿಂಡೋಸು ಮಾತ್ರ ತಾನಾಗಿ ಲಿನಕ್ಸಿನ ಭಾಗವನ್ನು ನೋಡುವುದಿಲ್ಲ. ಆದರೆ ಒಂದು ದಿನ ಲಿನಕ್ಸಿನಲ್ಲಿ ಇಳಿಸಿಕೊಂಡ ಬ್ಯಾಂಕ್ ಸ್ಟೇಟ್‌ಮೆಂಟನ್ನು ಡಿ ಡ್ರೈವಿಗೆ ಹಾಕಲು ಹೋದರೆ, ಓದಲು ಮಾತ್ರ ಅವಕಾಶ ಎಂದು ಯಂತ್ರ ತಗಾದೆ ತೆಗೆಯಿತು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇರುತ್ತದೆ. ಅದು ಚಾಲೂ ಇದ್ದರೆ ನಾವು ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿಯಾಗಿ ಮುಚ್ಚದೆ, ಅರ್ಧ ಎಚ್ಚರದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಅಂಥ ಡಿಸ್ಕಿಗೆ ಬೇರೆಯವರು ಬರೆದರೆ ಕಡತಗಳು ಕೆಡುವ ಅಪಾಯವಿರುವುದರಿಂದ ಲಿನಕ್ಸ್ ಕೈಹಾಕಲು ಒಪ್ಪುವುದಿಲ್ಲ. ಅದು ಹಿಡಿದದ್ದು ಸರಿಯಾದ ಹಟವೇ. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿದ ಮೇಲೆ ಆ ಸಮಸ್ಯೆ ಮರಳಿಲ್ಲ.

ಗಡಿಯಾರದ್ದು ಮಾತ್ರ ಹೋಟೆಲಿನವರೆಗೂ ಹೋದ ಕಥೆ. ಲ್ಯಾಪ್‌ಟಾಪಿನ ಮದರ್‌ಬೋರ್ಡಿನಲ್ಲಿ, ಯಂತ್ರ ಆರಿದ್ದರೂ ನಡೆಯುವ ಒಂದು ಪುಟ್ಟ ಗಡಿಯಾರ ಇರುತ್ತದೆ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದನ್ನು ಯುಟಿಸಿ, ಅಂದರೆ ಹಳಬರು ಗ್ರೀನಿಚ್ ಸಮಯ ಎನ್ನುತ್ತಿದ್ದ ಜಾಗತಿಕ ಸಮಯ ಎಂದು ಇಟ್ಟುಕೊಳ್ಳುತ್ತದೆ. ನಮ್ಮ ದೇಶದ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಹೀಗಾಗಿ ಲಿನಕ್ಸ್ ಬಳಸಿ ಮುಚ್ಚಿ ವಿಂಡೋಸಿಗೆ ಹೋದರೆ ಅಲ್ಲಿಯ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದಿರುತ್ತದೆ. ಅಂತರ್ಜಾಲ ಇದ್ದರೆ ಅದು ಯಾವಾಗಲಾದರೂ ತಿದ್ದಿಕೊಳ್ಳುತ್ತದೆ. ನಾನೋ, ಸಹಿಯ ಕೆಲಸವಿದ್ದಾಗ ಬಿಟ್ಟರೆ ವಿಂಡೋಸನ್ನು ಅಂತರ್ಜಾಲಕ್ಕೆ ಜೋಡಿಸುವುದೇ ಇಲ್ಲ. ಈ ಏಪ್ರಿಲ್ ಒಂದರಂದು ಮಾಟುಂಗಾದ ಹೋಟೆಲಿನಲ್ಲಿ ಬಿಲ್ ಮಾಡುವ ಕಂಪ್ಯೂಟರ್ ಕೆಟ್ಟಿತ್ತು. ಮಾಲೀಕರು ಹಿಂದಿನ ದಿನವೇ ಹೇಳಿಕಳಿಸಿದ್ದರಿಂದ ನನ್ನ ಲ್ಯಾಪ್‌ಟಾಪನ್ನೇ ಗಲ್ಲಾದ ಮೇಲಿಟ್ಟು, ಬೆಳಗ್ಗೆ ಐದಕ್ಕೆ ಬಾಗಿಲು ತೆರೆದ ಕೂಡಲೇ ಅದರಿಂದಲೇ ಬಿಲ್ ಕೊಡತೊಡಗಿದೆವು. ಐದೂಮುಕ್ಕಾಲಿಗೆ ಒಬ್ಬ ಗಿರಾಕಿ, ದಿನಾ ವಾಕಿಂಗ್ ಮುಗಿಸಿ ಇಡ್ಲಿ ತಿನ್ನಲು ಬರುವ ಹಿರಿಯರು, ಬಿಲ್ಲನ್ನು ಕನ್ನಡಕದ ಹತ್ತಿರ ಹಿಡಿದು ‘ಶೆಟ್ರೇ, ನಿಮ್ಮಲ್ಲಿ ಈಗ ಮಧ್ಯರಾತ್ರಿಯೋ’ ಎಂದು ಕೇಳಿದರು. ನೋಡಿದರೆ ಬಿಲ್ಲಿನ ಸಮಯ 12.15 ಎಂದಿತ್ತು. ಎದೆ ಧಸಕ್ಕೆಂದಿತು. ಐದರಿಂದ ಐದೂವರೆಯೊಳಗೆ ಮುದ್ರಿಸಿದ ಇಪ್ಪತ್ತಮೂರು ಬಿಲ್ಲುಗಳ ಮೇಲೆ ಮಾರ್ಚ್ 31ರ ತಾರೀಕು ಬಿದ್ದಿತ್ತು. ಬೆಳಗಿನ ಇಡ್ಲಿ ಕಾಫಿಯೆಲ್ಲ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಹೋಗಿತ್ತು. ಅವನ್ನು ರದ್ದು ಮಾಡಿ, ಮರಳಿ ಬರೆದು, ಮಾಲೀಕರಿಗೆ ವಿವರಿಸಿ ಮುಗಿಸುವಾಗ ಮಧ್ಯಾಹ್ನದ ಊಟದ ಗಿರಾಕಿಗಳು ಬಂದಿದ್ದರು. ಅಂದು ರಾತ್ರಿಯೇ ಸೋದರಳಿಯ ಹೇಳಿದ ಒಂದು ಸಾಲಿನ ಆದೇಶವನ್ನು ಲಿನಕ್ಸಿನ ಟರ್ಮಿನಲ್ಲಿನಲ್ಲಿ ಟೈಪ್ ಮಾಡಿ, ಅದೂ ಸ್ಥಳೀಯ ಸಮಯವನ್ನೇ ನಂಬುವಂತೆ ಮಾಡಿದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಈ ಉಪಾಯ ಗೊಂದಲ ಮಾಡುತ್ತದಂತೆ. ನಮ್ಮಲ್ಲಿ ಆ ಪದ್ಧತಿ ಇಲ್ಲದಿರುವುದು ಅನುಕೂಲವಾಯಿತು.

ಹೊಸ ಲ್ಯಾಪ್‌ಟಾಪ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಅನೇಕ ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಮೂಲಕ ಡಿಸ್ಕಿಗೆ ಬೀಗ ಬಿದ್ದಿರುತ್ತದೆ, ಕೆಲವೊಮ್ಮೆ ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಬೂಟ್ ಆಗುವ ಕ್ರಮ ಬದಲಾದದ್ದು ಕಂಡರೆ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳದವರು ತಮ್ಮದೇ ಮನೆಯ ಹೊರಗೆ ನಿಲ್ಲಬೇಕಾಗುತ್ತದೆ. ಎರಡು ಸಂಸಾರಗಳ ನಡುವಿನ ಜಗಳ ಬಾಗಿಲಲ್ಲೂ ನಡೆಯುತ್ತದೆ. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಭದ್ರತಾ ನವೀಕರಣವೊಂದು, ಎರಡು ಸಿಸ್ಟಂ ಇರುವ ಯಂತ್ರಗಳಿಗೆ ಅನ್ವಯಿಸುವುದಿಲ್ಲವೆಂದು ಹೇಳಿದ್ದರೂ, ಅಂಥ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಹಳೆಯ ಬೂಟ್ ಪ್ರೋಗ್ರಾಮುಗಳನ್ನು, ನಂಬಿಕೆಯ ಪ್ರೋಗ್ರಾಮುಗಳನ್ನಷ್ಟೇ ಏಳಗೊಡುವ ಸೆಕ್ಯೂರ್ ಬೂಟ್ ಎಂಬ ಕಾವಲು ಒಪ್ಪದ ಹಾಗೆ ಮಾಡಿದ್ದು ಅದಕ್ಕೆ ಕಾರಣ. ಇಂಥದ್ದು ಮತ್ತೆ ಆಗುವುದಿಲ್ಲ ಎನ್ನಲು ಬರುವುದಿಲ್ಲ. ಆದ್ದರಿಂದ ಲಿನಕ್ಸ್ ಇಳಿಸಿದ ಆ ಪೆನ್ ಡ್ರೈವನ್ನು ಕೆಲಸ ಮುಗಿಯಿತೆಂದು ಅಳಿಸಿ ಸಿನಿಮಾ ತುಂಬಿಕೊಳ್ಳದೆ ಹಾಗೆಯೇ ತೆಗೆದಿಟ್ಟಿರಬೇಕು. ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ಹಾಕಿ ಎರಡನೆಯ ಡಿಸ್ಕನ್ನೇ ಕೂರಿಸಿ, ಪ್ರತಿ ಸಿಸ್ಟಂಗೆ ಒಂದೊಂದು ಡಿಸ್ಕ್ ಕೊಡುವುದು ಇನ್ನೂ ಒಳ್ಳೆಯದು. ಸಂಘದ ಲ್ಯಾಪ್‌ಟಾಪಿಗೆ ನಾವು ಕೊನೆಗೆ ಮಾಡಿದ್ದು ಹಾಗೆ. ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ಲಿನಕ್ಸ್, ಹಳೆಯ ಡಿಸ್ಕಿನಲ್ಲಿ ವಿಂಡೋಸ್.

ಇಷ್ಟೆಲ್ಲ ಪಡಿಪಾಟಲಿಗೆ ಪ್ರತಿಫಲವೇನು ಎಂದರೆ, ಬ್ಯಾಂಕು, ಮಿಂಚಂಚೆ, ಜಿಎಸ್‌ಟಿ ಪೋರ್ಟಲು, ಊರಿನ ಪತ್ರಿಕೆಗಳ ಓದು ಎಲ್ಲವೂ ಪ್ರತಿ ವಾರ ನವೀಕರಣ ಪಡೆಯುವ ಲಿನಕ್ಸಿನಲ್ಲಿ ನಡೆಯುತ್ತದೆ. ಸಹಿ ಹಾಕುವ ಹೊತ್ತು ಬಿಟ್ಟರೆ ವಿಂಡೋಸಿಗೆ ಹೊರಲೋಕದ ಸಂಪರ್ಕವೇ ಇಲ್ಲ. ನಾನು ನಿರೀಕ್ಷಿಸದೇ ಇದ್ದ ಇನ್ನೊಂದು ಲಾಭ ಕನ್ನಡದ್ದು. ಲಿನಕ್ಸಿನಲ್ಲಿ ಕನ್ನಡ ಟೈಪಿಂಗ್ ಕಷ್ಟವೆಂದು ನಾನೂ ನಂಬಿದ್ದೆ. ಆದರೆ ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿಕೊಂಡರೆ ಅಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ನಮ್ಮೆಲ್ಲರ ಬೆರಳಿಗೆ ಹತ್ತಿದ ಅದೇ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಕೈಗೆ ಹೊಸತಾಗಿ ಕಲಿಯುವುದು ಏನೂ ಇಲ್ಲ. ಅದನ್ನು ಹುಡುಕುವಾಗ ಕಂಡ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ‘ಕಗಪ’ ಎಂಬ ಹೆಸರಿನ ವಿನ್ಯಾಸವೊಂದು ಇರುವಂತೆಯೇ ಮರಾಠಿಗೂ ‘ಕಗಪ’ ಎಂದೇ ಒಂದು ವಿನ್ಯಾಸ ಇದೆ, ಹಿಂದಿಗೂ ಇದೆ. ಕಗಪ ಎಂದರೆ ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು. ನಮ್ಮ ಬಿಲ್ಡಿಂಗಿನ ಮರಾಠಿ ಶಿಕ್ಷಕರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ನಕ್ಕು, ತಮ್ಮ ಭಾಷೆಯಲ್ಲಿ ಬರೆಯಲು ಕನ್ನಡದವರ ಅಪ್ಪಣೆ ಬೇಕಾಯಿತಲ್ಲ ಎಂದರು.

ಎಲ್ಲರೂ ಹೀಗೆಯೇ ಮಾಡಬೇಕೆಂದು ನನ್ನ ವಾದವಲ್ಲ. ಅಂತರ್ಜಾಲ ನೋಡಲು, ಮೊಮ್ಮಕ್ಕಳ ಜೊತೆ ವಿಡಿಯೋ ಮಾತಿಗೆ ಮಾತ್ರ ಲ್ಯಾಪ್‌ಟಾಪ್ ಬಳಸುವವರು ಎರಡು ಸಿಸ್ಟಂಗಳ ಉಸಾಬರಿಗೆ ಹೋಗದೆ ಲಿನಕ್ಸ್ ಒಂದನ್ನೇ ಹಾಕಿಸಿಕೊಳ್ಳಲಿ. ಅವರ ಮಟ್ಟಿಗೆ ಎರಡನೆಯ ಪತ್ರದ ಸಲಹೆ ಸರಿ. ವಿಂಡೋಸ್ 11 ನಡೆಯುವ ಯಂತ್ರವಿದ್ದವರಿಗೆ ಈ ಚಿಂತೆಯೇ ಇಲ್ಲ. ಕಚೇರಿ ಕೊಟ್ಟ ಲ್ಯಾಪ್‌ಟಾಪನ್ನು ಮುಟ್ಟಲೇಬಾರದು. ಹಳೆಯ ಕನ್ನಡ ಕಡತಗಳೂ ಟ್ಯಾಲಿಯಂಥ ತಂತ್ರಾಂಶವೂ ಕೊರಳಿಗೆ ಕಟ್ಟಿಕೊಂಡಿರುವ, ಹೊಸ ಯಂತ್ರಕ್ಕೆ ನಲವತ್ತೈವತ್ತು ಸಾವಿರ ಹಾಕಲು ಹಿಂದುಮುಂದು ನೋಡುವ ನಮ್ಮಂಥ ಕೆಲವರಿಗೆ ಮಾತ್ರ ಈ ಮಾತು.

ಅಂಥವರು ಮುಂಬಯಿಯ ಕನ್ನಡ ಸಂಘಗಳಲ್ಲಿ ಕಡಿಮೆ ಇಲ್ಲ. ಸಭಾಂಗಣಗಳಿರುವ ಸಂಘಗಳು ವರ್ಷಕ್ಕೊಂದು ಭಾನುವಾರ, ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಡಿಸ್ಕ್ ಎರಡನ್ನೂ ತಂದವರಿಗೆ ಮಾತ್ರ ಎಂಬ ಷರತ್ತಿನ ಮೇಲೆ, ಈ ಕೆಲಸವನ್ನು ಕೂತು ಮಾಡಿಸಿದರೆ ಅಂಗಡಿಗಳ ಅವಸರದ ಕೈಗೆ ಯಾರೂ ಸಿಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಬಲ್ಲ ಮಕ್ಕಳು ಸಾಕಷ್ಟು ಇದ್ದಾರೆ.

ತಮ್ಮಲ್ಲಿಯೂ ಒಂದು ವಿನಂತಿ. ಭಾನುವಾರದ ಪುರವಣಿಗೆ ಲೇಖನ ಕಳುಹಿಸುವವರು ನುಡಿ ಅಕ್ಷರದಲ್ಲೇ ಕಳುಹಿಸಬೇಕೆಂಬ ಸೂಚನೆ ಪತ್ರಿಕೆಯಲ್ಲಿ ಈಗಲೂ ಅಚ್ಚಾಗುತ್ತಿದೆ. ಅದಕ್ಕೆ ‘ಅಥವಾ ಯೂನಿಕೋಡ್’ ಎಂಬ ಎರಡು ಪದಗಳನ್ನು ಸೇರಿಸಿದರೆ, ಕೆಲವು ಲೇಖಕರಾದರೂ ತಮಗೆ ಬೇರಾವುದಕ್ಕೂ ಬೇಡವಾದ ವಿಂಡೋಸನ್ನು ಪತ್ರಿಕೆಗಾಗಿಯೇ ಇಟ್ಟುಕೊಳ್ಳುವುದು ತಪ್ಪುತ್ತದೆ. ಈ ಪತ್ರವನ್ನು ನಾನು ಲಿನಕ್ಸಿನಲ್ಲಿ ಯೂನಿಕೋಡ್‌ನಲ್ಲಿ ಬರೆದು, ಯಂತ್ರವನ್ನು ಮುಚ್ಚಿ ವಿಂಡೋಸಿನಲ್ಲಿ ತೆರೆದು, ತಮ್ಮ ಸೂಚನೆಯಂತೆ ನುಡಿಗೆ ಪರಿವರ್ತಿಸಿ, ಮಿಂಚಂಚೆ ಇರುವುದು ಲಿನಕ್ಸಿನಲ್ಲಾದ್ದರಿಂದ ಮತ್ತೆ ಇತ್ತ ಬಂದು ಕಳುಹಿಸುತ್ತಿದ್ದೇನೆ. ಪರಿವರ್ತನೆಯಲ್ಲಿ ಎಲ್ಲಾದರೂ ಅರ್ಕಾವೊತ್ತು ತಪ್ಪಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಇತಿ ತಮ್ಮ ವಿಶ್ವಾಸಿ,
ಓದುಗ, ಡೊಂಬಿವಲಿ (ಪೂರ್ವ)